ಮೂರನೇ ಸಾಲು ಕೇಳಿದವಳು

ಗಿಟಾರಿನ ತಂತಿಯ ಮೇಲೆ ಗಾಜಿನ ಶೀಶೆಯ ಕುತ್ತಿಗೆಯನ್ನು ಜಾರಿಸಿದರೆ ಒಂದು ಸದ್ದು ಬರುತ್ತದೆ, ಅತ್ತು ಸಾಕಾದವರ ಗಂಟಲಿನ ಹಾಗೆ. ಅದನ್ನು ಎಲ್ಲಿ ಕೇಳಿದರೂ ನನ್ನ ಮೂಗಿಗೆ ಆಗತಾನೆ ಬೀಸಿದ ರಾಗಿ ಹಿಟ್ಟಿನ ವಾಸನೆ ಬಡಿಯುತ್ತದೆ. ಮೊನ್ನೆ ಈ ಪರದೇಶದ ಮಿಲ್ಪಿಟಾಸಿನಲ್ಲಿ ಗ್ರೋಸರಿ ಅಂಗಡಿಯ ಮುಂದೆ ಯಾರದೋ ಕಾರಿನೊಳಗಿಂದ ಆ ಸದ್ದು ಬಂತು. ಬೇಳೆಯ ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ಹೋದವರ ಮನೆಯ ವಾಸನೆ ಎಲ್ಲೆಲ್ಲೋ ಎದುರಾಗುವುದು ನಿಮಗೂ ಗೊತ್ತಿರುತ್ತದೆ.

ಮಂಡ್ಯದ ಕಡೆ ನಮ್ಮದು ಒಂದಂಕಣದ ಮನೆ. ಮೂಲೆಯಲ್ಲಿ ರಾಗಿಕಲ್ಲು, ಒಂದು ಪಕ್ಕ ಅವ್ವ, ಇನ್ನೊಂದು ಪಕ್ಕ ನಾನು, ನಡುವಿನ ಗೂಟಕ್ಕೆ ಇಬ್ಬರ ಕೈ. ಕೋಳಿ ಕೂಗುವ ಹೊತ್ತಿಗೆ ನನ್ನನ್ನು ಎಬ್ಬಿಸಿ ಕೂರಿಸುತ್ತಿದ್ದಳು. ನಾನು ತೂಕಡಿಸಿದರೆ ಮೊಣಕಾಲಿನಿಂದ ತಿವಿಯುತ್ತಿದ್ದಳು, ಮುದ್ದುಗಿದ್ದು ಅವಳಿಗೆ ಬರುತ್ತಿರಲಿಲ್ಲ. ಅವಳು ಒಂದು ಸಾಲು ಹಾಡಿದರೆ ನಾನು ಅದನ್ನೇ ತಿರುಗಿ ಹಾಡಬೇಕು. ಅದಕ್ಕೆ ಸೊಲ್ಲೆತ್ತುವುದು ಅನ್ನುತ್ತಿದ್ದೆವು. ಅಂದದ್ದನ್ನೇ ಯಾಕೆ ಅನ್ನಬೇಕು ಅಂತ ಒಂದು ದಿನ ರೇಗಿ ಕೇಳಿದೆ. "ನಾನಂದುದ್ನ ನೀನನ್ನು. ನೀನನ್ನೋ ವೊತ್ಗೆ ನಂಗೆ ಮುಂದಿಂದು ಸಿಕ್ತದೆ," ಅಂದಳು. ಸತ್ತವರ ಮುಂದೆಯೂ ನಮ್ಮಲ್ಲಿ ಹಾಗೆಯೇ. ಮಗಳು ಹಾಡಿಕೊಂಡು ಅಳಬೇಕು, ಇನ್ನೊಬ್ಬ ಹೆಂಗಸು ಸೊಲ್ಲೆತ್ತಬೇಕು. ಯಾರೂ ಎತ್ತದಿದ್ದರೆ ಸತ್ತವಳು ದಿಕ್ಕಿಲ್ಲದೆ ಹೋದಳು ಅಂತಲೇ ಲೆಕ್ಕ.

ಎಂಬತ್ತರ ದಶಕದಲ್ಲಿ ನಾನು ಓಕ್ಲೆಂಡಿನಲ್ಲಿ ಅಣ್ಣನ ಮನೆಯಲ್ಲಿದ್ದೆ, ಅವನ ಮಗು ನೋಡಿಕೊಳ್ಳಲು ಊರು ಬಿಟ್ಟು ಕಡಲು ದಾಟಿ ಬಂದವಳು. ಅಣ್ಣನಿಗೆ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಕೆಲಸ, ಬೆಂಗಳೂರಿನ ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು. ಅವ್ವ ಹೋದ ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಮೂರು ದಿನ ಆಗಿತ್ತು. ಅಣ್ಣ ಸ್ನಾನ ಮಾಡಿ ಆಫೀಸಿಗೆ ಹೋದ. ಅವನನ್ನು ಬೈಯುವುದಿಲ್ಲ, ಅವನಿಗೆ ತಿಳಿದದ್ದು ಅಷ್ಟು. ನನಗೆ ಮಾತ್ರ ಅವ್ವನನ್ನು ಹಾಡಿ ಕಳಿಸದೆ ಗಂಜಿಯೂ ಇಳಿಯಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹಾಡು ಶುರು ಮಾಡಿದೆ: "ರಾಗಿಕಲ್ಲು ತಣ್ಗಾಯ್ತು, ಏಳೆ ನನ್ನವ್ವ." ನಿಲ್ಲಿಸಿದೆ. ಸೊಲ್ಲೆತ್ತಲು ಯಾರಿದ್ದಾರೆ? ಅತ್ತಿಗೆ ಬಾಗಿಲಿಗೆ ಬಂದು, ಪಕ್ಕದವರು ಪೊಲೀಸರಿಗೆ ಫೋನ್ ಮಾಡುತ್ತಾರೆ, ಒಳಗೆ ಬಾ ಅಂದರು. ಅಷ್ಟರಲ್ಲಿ ಬೇಲಿಯಾಚೆಯಿಂದ ಆ ಗಾಜಿನ ಸದ್ದು ಬಂತು. ನಾನು ಹೇಗೆ ಎಳೆದಿದ್ದೆನೋ ಹಾಗೇ ಎಳೆಯಿತು. ಒಮ್ಮೆ ಆಯಿತು, ಸ್ವಲ್ಪ ತಡೆದು ಇನ್ನೊಮ್ಮೆ.

ಬಾರಿಸಿದವಳು ಪಕ್ಕದ ಮನೆಯ ಕರಿಯ ಮುದುಕಿ ಓಲಾ. ಆಮೇಲಾಮೇಲೆ ನಾನು ಓಲಮ್ಮ ಅನ್ನುತ್ತಿದ್ದೆ. ಅದುವರೆಗೆ ನಾವು ತಲೆಯಾಡಿಸಿದ್ದಷ್ಟೇ ಗುರುತು. ಅತ್ತಿಗೆ ಕ್ಷಮೆ ಕೇಳಲು ಬೇಲಿ ಹತ್ತಿರ ಹೋದವರು ಮುಖ ಒಂಥರಾ ಮಾಡಿಕೊಂಡು ಬಂದರು. "ಪುಟ್ಟಮ್ಮ, ಮೂರನೇ ಲೈನು ಎಲ್ಲಿ ಅಂತ ನಿನ್ನ ಕೇಳ್ತಿದಾಳೆ ಆ ಅಜ್ಜಿ. ಎರಡು ಸಲ ಬಾರ್ಸಿ ಕೊಟ್ಟೆ, ಇನ್ನೂ ಸಿಗ್ಲಿಲ್ವಾ ಅಂತೆ." ನಾನು ಬೇಲಿ ಹಿಡಿದು ನಿಂತೆ. ಅವಳು ಮತ್ತೆ ಬಾರಿಸಿದಳು. ಆಗ ಬಂತು: "ಕಲ್ಲಿಗೆ ಇನ್ನೊಂದು ಕೈ ಸಿಕ್ತು, ಮಲಗೆ ನನ್ನವ್ವ." ಆಮೇಲೆ ಹೊತ್ತು ಇಳಿಯುವವರೆಗೆ ಹಾಡಿದೆ. ಅತ್ತಿಗೆ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತರು, ಒಳಗೆ ಬಾ ಅಂತ ಮತ್ತೆ ಕರೆಯಲಿಲ್ಲ.

ಅವಳ ಹಾಡಿನ ಹೆಸರು ಬ್ಲೂಸ್ ಅಂತ ಆಮೇಲೆ ತಿಳಿಯಿತು. ಅತ್ತಿಗೆಗೆ ರಜೆ ಇದ್ದ ದಿನ ಮೂವರೂ ಬೇಲಿ ಹತ್ತಿರ ಕೂರುತ್ತಿದ್ದೆವು, ಅತ್ತಿಗೆ ನಡುವೆ ಕೂತು ಮಾತು ದಾಟಿಸುತ್ತಿದ್ದರು. ಓಲಮ್ಮನ ಹಿರಿಯರನ್ನು ದನಗಳ ಹಾಗೆ ಮಾರಿ ಹತ್ತಿ ಹೊಲಕ್ಕೆ ಹಾಕಿದ್ದರಂತೆ. ಹತ್ತಿ ಬಿಡಿಸುತ್ತ ಒಬ್ಬರು ಕೂಗುವುದು, ಮಿಕ್ಕವರು ತಿರುಗಿ ಕೂಗುವುದು. ಬ್ಲೂಸಿನ ಬೇರು ಅಲ್ಲಿಯದು. ಒಂದು ಸಾಲನ್ನು ಎರಡು ಸಲ ಅನ್ನುತ್ತಾರೆ, ಅಷ್ಟರಲ್ಲಿ ಮೂರನೆಯದು ತೋಚುತ್ತದೆ ಅಂದಳು. ಅವ್ವನ ಮಾತು ಇವಳಿಗೆ ಯಾರು ಹೇಳಿದರು ಅಂತ ನನಗೆ ಅನ್ನಿಸಿತು. ಎರಡನೇ ದೊಡ್ಡ ಯುದ್ಧದ ಕಾಲದಲ್ಲಿ ಲೂಸಿಯಾನದಿಂದ ರೈಲಿನಲ್ಲಿ ಹಡಗು ಕಟ್ಟುವ ಕೆಲಸಕ್ಕೆ ಇವಳ ಹಾಗೆ ಬಂದವರ ಜೊತೆ ಹಾಡೂ ಇಲ್ಲಿಗೆ ಬಂತು, ಇಲ್ಲಿ ಗಿಟಾರಿಗೆ ಕರೆಂಟು ಸೇರಿತು. ಆಮೇಲೆ ಕೂದಲು ಬಿಟ್ಟ ಬಿಳಿ ಹುಡುಗರು ಅದನ್ನೇ ಜೋರಾಗಿ ಹೊಡೆದು ಜಗತ್ತಿಗೆಲ್ಲ ಹೆಸರಾದರು. ನಿನಗೆ ಹೊಟ್ಟೆ ಉರಿಯುವುದಿಲ್ಲವೇ ಅಂತ ಕೇಳಿಸಿದೆ. ಅವಳು ನಕ್ಕು, ಅವರಿಗೆ ಗಿಟಾರು ಸಿಕ್ಕಿತು, ಹತ್ತಿ ಹೊಲ ಸಿಗಲಿಲ್ಲ, ಪಾಪ, ಅಂದಳು. ಅವಳ ತಾಯಿ ಸತ್ತಾಗಲೂ ಅವಳು ಊರಿಗೆ ಹೋಗಿರಲಿಲ್ಲ, ಹಡಗಿನ ಕೆಲಸದವರು ರಜೆ ಕೊಡಲಿಲ್ಲವಂತೆ. ಅದನ್ನು ಹೇಳುವಾಗ ತಂತಿ ಬಿಗಿ ಮಾಡುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

ಆ ದಶಕ ಮುಗಿಯುವ ಮುಂಚೆ ಓಲಮ್ಮ ಹೋದಳು. ಅಣ್ಣನೂ ಈಗಿಲ್ಲ, ಎರಡೂ ಮನೆ ಕೆಡವಿ ಅಪಾರ್ಟ್‌ಮೆಂಟು ಎಬ್ಬಿಸಿದ್ದಾರೆ. ಓಲಮ್ಮನನ್ನು ಕಳಿಸಿಕೊಡುವ ದಿನ ಅವಳ ಚರ್ಚಿಗೆ ಅತ್ತಿಗೆಯ ಜೊತೆ ಹೋಗಿದ್ದೆ. ಅವಳಿಗೆ ಮಕ್ಕಳಿರಲಿಲ್ಲ. ಎಲ್ಲರೂ ಹಾಡಿ ನಿಲ್ಲಿಸಿದಾಗ ನಾನು ಎದ್ದು, ನನಗೆ ಬರುವ ಭಾಷೆಯಲ್ಲೇ ಹಾಡು ಶುರು ಮಾಡಿದೆ: "ಬೇಲಿಯಾಚೆ ತಣ್ಗಾಯ್ತು, ಏಳೆ ಓಲವ್ವ." ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಮುದುಕಿಯೊಬ್ಬಳು, ಮಾತು ಗೊತ್ತಿಲ್ಲದೆಯೇ, ಅದೇ ಎಳೆತದಲ್ಲಿ ಅದನ್ನು ತಿರುಗಿ ಅಂದಳು. ಅವಳು ಅನ್ನುವ ಹೊತ್ತಿಗೆ ನನಗೆ ಮುಂದಿನದು ಸಿಕ್ಕಿತು.