ಹಯಾತ ಹಾಕಿಕೊಂಡ ಹೊಸ ಟೈರು

ಸವಣೂರಿನ ಹಯಾತನಿಗೆ ಸೈಕಲ್ ರಿಪೇರಿಯೇ ಬದುಕು. ಅವನ ತಂದೆ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದರು. ಅದೇ ಅಂಗಡಿಯಲ್ಲಿ ಮಗ ಪಂಕ್ಚರ್ ಹಾಕುತ್ತ ಕುಳಿತ. ಅವನಿಗೆ ಇಬ್ಬರು ಗೆಳೆಯರು: ಕನ್ನಡ ಶಾಲೆಯ ಮಾಸ್ತರ ಗುರುರಾಜ, ಎಲೆತೋಟದ ಗುದ್ಲೆಪ್ಪ. ಮೂವರೂ ಒಟ್ಟಿಗೆ ಅಕ್ಷರ ತಿದ್ದಿದವರು.

ಅಬಲೂರಿನ ಹಳೆಯ ಗುಡಿಯ ಶಾಸನಗಳನ್ನು ಕಣ್ಣಾರೆ ನೋಡಬೇಕೆಂಬುದು ಗುರುರಾಜನ ಬಹುದಿನದ ಆಸೆ. ೧೯೪೪ರ ಬೇಸಿಗೆ ರಜೆಯಲ್ಲಿ ಮೂವರೂ ಸೈಕಲ್ ಮೇಲೆ ಹೋಗುವುದೆಂದು ನಿಶ್ಚಯವಾಯಿತು. ಮೊದಲ ದಿನ ಬಂಕಾಪುರದ ಮೇಲಿಂದ ಹಾನಗಲ್ಲು, ಅಲ್ಲಿ ಗುರುರಾಜನ ಅಕ್ಕನ ಮನೆಯಲ್ಲಿ ವಸತಿ. ಮರುದಿನ ಹಿರೇಕೆರೂರಿನ ದಾರಿ ಹಿಡಿದು ಅಬಲೂರು.

ಅದು ಯುದ್ಧದ ಕಾಲ. ಹೊಸ ಟೈರು ಕಣ್ಣಿಗೆ ಬೀಳುವುದೇ ಅಪರೂಪ. ಹಯಾತನ ಹತ್ತಿರ ಒಂದೇ ಒಂದು ಉಳಿದಿತ್ತು. ಹೊರಡುವ ಹಿಂದಿನ ಸಂಜೆ ನೋಡಿದರೆ ಗುರುರಾಜನ ಸೈಕಲ್ಲಿನ ಮುಂದಿನ ಟೈರು ಸವೆದು ನೂಲು ಎದ್ದಿತ್ತು. ಹೊಸದನ್ನು ಅದಕ್ಕೆ ಹಾಕಬೇಕೆಂದು ಹಯಾತ ಕೈಗೆತ್ತಿಕೊಂಡ. ಆಮೇಲೆ, ಸಾಮಾನಿನ ಭಾರವೆಲ್ಲ ಹೊರುವವನು ತಾನಲ್ಲವೇ ಎಂದುಕೊಂಡು ತನ್ನ ಸೈಕಲ್ಲಿಗೇ ಹಾಕಿಕೊಂಡ. ಗೆಳೆಯನ ಟೈರಿನೊಳಗೆ ಹಳೆಯ ಟೈರಿನ ತುಂಡೊಂದನ್ನು ಒತ್ತುಕೊಟ್ಟು ಕೂರಿಸಿದ. ಯಾರಿಗೂ ಹೇಳಲಿಲ್ಲ.

ಬೆಳಗಿನ ತಂಪಿನಲ್ಲಿ ಹೊರಟರು. ಗುರುರಾಜನ ಹೆಂಡತಿ ಭಾಗೀರಥಿಬಾಯಿ ಬುತ್ತಿ ಕಟ್ಟಿಕೊಟ್ಟಳು. ಬಂಕಾಪುರ ದಾಟಿ ಹುಣಸೆಮರದ ಕೆಳಗೆ ಉಂಡರು. ಗುರುರಾಜ ಆ ದಿನ ಹುಡುಗನಂತಾಗಿದ್ದ. ಎಲ್ಲರಿಗಿಂತ ಮುಂದೆ ಅವನೇ.

ಹಾನಗಲ್ಲಿಗೆ ಇನ್ನು ಮೂರು ಮೈಲಿ ಇರುವಾಗ ಒಂದು ಇಳಿಜಾರು ಬಂತು. ಅಲ್ಲಿ ಟೈರು ಒಡೆದ ಸಪ್ಪಳ ಕೇಳಿತು. ಹಿಂದಿನವರು ಬಂದು ನೋಡಿದಾಗ ಸೈಕಲ್ ಒಂದು ಕಡೆ, ಗುರುರಾಜ ಒಂದು ಕಡೆ ಬಿದ್ದಿದ್ದ. ಅವನ ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು.

ದಾರಿಯಲ್ಲಿ ಸಿಕ್ಕ ಎತ್ತಿನ ಚಕ್ಕಡಿಯೊಂದರಲ್ಲಿ ಮಲಗಿಸಿ ಅಕ್ಕನ ಮನೆಗೆ ತಂದರು. ಎಲುಬು ಕಟ್ಟುವ ದುರಗವ್ವ ಬಂದು ಬಿದಿರಿನ ದಬ್ಬೆ ಇಟ್ಟು ಕಾಲು ಬಿಗಿದಳು.

"ಎಲುಬೇನೋ ಕೂಡತೈತಿ. ಆದ್ರ ಕಾಲು ಮೊದಲಿನಂಗ ಆಗೂದಿಲ್ಲ," ಎಂದಳು.

ಹಯಾತ ಅಂಗಳಕ್ಕೆ ಹೋಗಿ ಗುದ್ಲೆಪ್ಪನಿಗೆ ಟೈರಿನ ಸಂಗತಿ ಹೇಳಿದ.

"ಆದದ್ದು ಆಗಿ ಹೋತು. ಈಗ ಹೇಳಿದ್ರ ಕಾಲು ನೆಟ್ಟಗ ಆಕ್ಕೈತೇನು? ಸುಮ್ನಿರು," ಎಂದ ಗುದ್ಲೆಪ್ಪ.

ಹಯಾತನಿಗೆ ಸುಮ್ಮನಿರಲಾಗಲಿಲ್ಲ. ಒಳಗೆ ಬಂದು ಗೆಳೆಯನ ಹಾಸಿಗೆಯ ಹತ್ತಿರ ಕುಳಿತ.

"ಗುರು, ನಿನ್ನ ಟೈರಿನಾಗ ನೂಲು ಎದ್ದಿತ್ತು. ನಾ ನೋಡಿದ್ದೆ. ಹೊಸಾದು ನಿನಗಂತ ತಗದು, ನನಗ ಹಾಕ್ಕೊಂಡೆ."

ಗುರುರಾಜ ದಬ್ಬೆ ಕಟ್ಟಿದ ಕಾಲಿನ ಕಡೆ ನೋಡಿದ. ಆಮೇಲೆ ಕೇಳಿದ:

"ಹೊಸಾದು ನೀನ ಹಾಕ್ಕೊಂಡ್ರೂ ನಾ ಏನೂ ಅಂತಿದ್ದಿಲ್ಲ. ಹೇಳಲಿಲ್ಲ ಯಾಕ? ಹೇಳಿದ್ರ ಇಳಕಲಿನ್ಯಾಗ ಇಳದು ನಡಕೋತ ಬರ್ತಿದ್ದೆ."

ಗುರುರಾಜ ಗೋಡೆಯ ಕಡೆ ಮುಖ ಮಾಡಿದ.

ಪ್ರವಾಸ ಅಲ್ಲಿಗೇ ಮುಗಿಯಿತು. ಮರುದಿನ ಗುದ್ಲೆಪ್ಪನನ್ನು ಗುರುರಾಜನ ಹತ್ತಿರ ಬಿಟ್ಟು ಹಯಾತ ಒಬ್ಬನೇ ಸವಣೂರಿಗೆ ಮರಳಿ, ಭಾಗೀರಥಿಬಾಯಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಅವಳು ಬೈಯಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ.

ಕಾಲು ಕೂಡಿತು, ಗಿಡ್ಡಾಯಿತು. ಸವಣೂರಿಗೆ ಮರಳಿದ್ದ ಗುರುರಾಜ ದೀಪಾವಳಿ ಮುಗಿದ ಮೇಲೆ ಕೋಲು ಹಿಡಿದು ಶಾಲೆಗೆ ಹೊರಟ. ಬಾಗಿಲ ಮುಂದೆ ಹಯಾತ ಸೈಕಲ್ ಹಿಡಿದು ನಿಂತಿದ್ದ. ಗುರುರಾಜ ನೋಡದವನಂತೆ ಮುಂದೆ ನಡೆದ. ಹಯಾತ ಸೈಕಲ್ ತಳ್ಳುತ್ತ ಹಿಂದೆ ಹೋದ. ಐದು ದಿನ ಹೀಗೇ ನಡೆಯಿತು. ಆರನೆಯ ದಿನ ಅರ್ಧ ದಾರಿಯಲ್ಲಿ ಮಾಸ್ತರ ನಿಂತ.

"ಕ್ಯಾರಿಯರ್ ನನ್ನ ಭಾರ ತಡೀತದೇನು?"

ಹಯಾತ ಬಗ್ಗಿ, ಅಲ್ಲಾಡಿಸಿ ನೋಡಿದ. "ಒಂದು ನಟ್ ಸಡಿಲ ಐತಿ. ತಡಿ, ಬಿಗಿ ಮಾಡ್ತೇನಿ."

ಗುರುರಾಜ ಬಿಸಿಲಲ್ಲಿ ಕಾದು ನಿಂತ. ಆಮೇಲೆ ಹತ್ತಿ ಕುಳಿತ.

ಅಂದಿನಿಂದ ಸುಮಾರು ಐದು ವರ್ಷ ಹಯಾತ ಅವನನ್ನು ಶಾಲೆಗೆ ಒಯ್ದು ಬಿಟ್ಟ. ದಾರಿಯಲ್ಲಿ ಮಳೆಯ ಮಾತು, ಮಕ್ಕಳ ಮಾತು ಆಡುತ್ತಿದ್ದರು. ಹಳೆಯ ಸಲಿಗೆ ಮಾತ್ರ ಪೂರ್ತಿ ಮರಳಲಿಲ್ಲ. ೧೯೪೯ರಲ್ಲಿ ಗುರುರಾಜನಿಗೆ ಶಿಗ್ಗಾಂವಿಗೆ ವರ್ಗವಾಯಿತು. ಸಾಮಾನಿನ ಗಾಡಿ ಹೊರಡುವಾಗ ಅವನು ಹಯಾತನ ಕೈ ಹಿಡಿದು ಸ್ವಲ್ಪ ಹೊತ್ತು ನಿಂತ, ಆಮೇಲೆ ಗಾಡಿ ಹತ್ತಿದ.

ಮರುದಿನ ಬೆಳಿಗ್ಗೆ ಹಯಾತ ಎಂದಿನ ಹೊತ್ತಿಗೆ ಸೈಕಲ್ ತೆಗೆದುಕೊಂಡು ಮಾಸ್ತರರ ಓಣಿಯವರೆಗೂ ಬಂದ. ಬಾಗಿಲಿಗೆ ಹಾಕಿದ ಬೀಗ ಕಂಡ ಮೇಲೆ ನೆನಪಾಗಿ, ಅಂಗಡಿಯ ಕಡೆ ತಿರುಗಿದ.