ದೋಸೆ ಆರುವ ತನಕ

ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿ, ಅರ್ಧ ಕತ್ತರಿಸಿದ ಈರುಳ್ಳಿಯಿಂದ ಒರೆಸಿದಾಗ ಒಂದು ವಾಸನೆ ಏಳುತ್ತದೆ. ನೀವೂ ಬಲ್ಲಿರಿ. ಕಳೆದ ವಾರ ಪುಣೆಯ ಮಗರಪಟ್ಟಾದಲ್ಲಿ ಕಣ್ಣಿನ ಡಾಕ್ಟರನ್ನು ನೋಡಿ ಹೊರಬಂದಿದ್ದೆ. ಕಣ್ಣಿಗೆ ಬಿಟ್ಟ ಔಷಧದಿಂದ ಗಾಜಿನ ಕಟ್ಟಡಗಳೆಲ್ಲ ನೀರಿನಲ್ಲಿ ನಿಂತಂತೆ ಕಾಣುತ್ತಿದ್ದವು. ಆಗ ಈ ವಾಸನೆ ಬಂತು. ಬೋರ್ಡು ಓದಲಾಗದಿದ್ದರೂ ಮೂಗು ಹೇಳಿದತ್ತ ನಡೆದು ಒಂದು ಹೋಟೆಲಿನಲ್ಲಿ ಕೂತೆ. ಗಲ್ಲೆಯ ಕಡೆಯಿಂದ ದನಿ ಕೇಳಿತು:

"ಇದ್ಯಾರು ಮಾರಾಯ್ರೆ, ನಮ್ಮ ನಿಗಡಿಯ ಪೇಪರಿನವರಲ್ವಾ?"

ಮುಖ ಕಾಣದಿದ್ದರೂ ಶೆಟ್ಟರೆಂದು ಗೊತ್ತಾಯಿತು. ಊರಿನ ಇನ್ನೊಂದು ತುದಿಯ ನಿಗಡಿಯಲ್ಲಿದ್ದ ಅವರ ಹೋಟೆಲು ಮುಚ್ಚಿ ವರ್ಷಗಳಾಗಿವೆ. ಈಗ ಇಲ್ಲಿ ಮಗಳ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಾರಂತೆ. ಅವರು ಕುಶಲ ಕೇಳಲಿಲ್ಲ. "ಕಾದಂಬರಿ ಮುಗಿಯಿತಾ?" ಎಂದರು.

ಇಲ್ಲ, ಮುಗಿದಿರಲಿಲ್ಲ. ಏಕೆ ಎನ್ನುವುದನ್ನು ಹೇಳಲು ನಿಮ್ಮನ್ನು ಆ ಹಳೆಯ ಹೋಟೆಲಿನ ಹಿಂಬದಿಗೆ ಕರೆದೊಯ್ಯಬೇಕು.

ಅಲ್ಲಿ ಫ್ಯಾಮಿಲಿ ರೂಮ್ ಎಂಬ ಹೆಸರಿನ ಒಂದು ಕೋಣೆಯಿತ್ತು. ಭಾನುವಾರ ಊಟದ ಗಿರಾಕಿಗಳು ಎದ್ದುಹೋಗಿ ಸಂಜೆಯ ತಿಂಡಿಯವರು ಇನ್ನೂ ಬಾರದ ಹೊತ್ತಿನಲ್ಲಿ, ಸುಮಿತ್ರಾಬಾಯಿ ನಮ್ಮಂಥ ಕೆಲವರಿಂದ ಅಲ್ಲಿ ಕಾದಂಬರಿ ಬರೆಸುತ್ತಿದ್ದರು. ಧಾರವಾಡದ ಕಡೆಯವರು, ಪುಣೆಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಕಲಿಸುತ್ತಾರೆ ಎಂದರೆ ಅವರಿಗೆ ಸಿಟ್ಟು. "ಕಲಸೂದೇನದ್ರಿ ಇದರಾಗ? ರೊಟ್ಟಿ ಬಡಿಯೂದು ಬಾಯಿಲೆ ಹೇಳಿದ್ರ ಬರತದೇನು? ಬಡೀರಿ, ಹರೀಲಿ, ಮತ್ತ ಬಡೀರಿ." ಅವರು ಸ್ವತಃ ಬರೆದದ್ದು ಒಂದೇ ಕಾದಂಬರಿ. "ನನ್ನ ಮಗಳು ಸುದ್ದಾ ಅದನ್ನ ಪೂರ್ತಿ ಓದಿಲ್ಲ. ಆದ್ರ ಮುಗಿಸೀನಿ ನೋಡ್ರಿ," ಎಂದು ನಗುತ್ತಿದ್ದರು. ಮುಗಿಸುವುದೊಂದೇ ಅವರ ಮಟ್ಟಿಗೆ ಪ್ರತಿಭೆ.

ನಾನಾಗ ಒಂದು ಕನ್ನಡ ಪತ್ರಿಕೆಗೆ ಪುಣೆಯಿಂದ ವರದಿ ಕಳಿಸುತ್ತಿದ್ದೆ. ಬರೆಯುವುದು ನನ್ನ ಹೊಟ್ಟೆಪಾಡು, ಹಾಗಾಗಿ ಕಾದಂಬರಿ ಏನು ಮಹಾ ಎಂಬ ಧೋರಣೆಯಲ್ಲೇ ಹೋಗಿದ್ದೆ. ಮೊದಲ ದಿನ ಆರಂಭದ ವಾಕ್ಯ ಓದಿದೆ: "ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಯುವತಿ ತನ್ನ ತಮ್ಮನನ್ನು ಕಾಲೇಜಿಗೆ ಸೇರಿಸಲು ಪುಣೆಗೆ ಕರೆತಂದು, ಚಿಕ್ಕಪ್ಪನ ಮನೆಯಲ್ಲಿ ಬಿಟ್ಟು, ಅದೇ ಸಂಜೆ ಊರಿಗೆ ಮರಳಿದಳು."

ಸುಮಿತ್ರಾಬಾಯಿ ಚಹಾದ ಕಪ್ಪು ಕೆಳಗಿಟ್ಟರು. "ಮುಗೀತಲ್ರಿ ಪೇಪರ್ನೋರ! ಯಾರು, ಎಲ್ಲಿ, ಯಾಕ, ಎಲ್ಲಾ ಬಂತು. ಉಳಿದ ಪುಟಕ್ಕೆಲ್ಲಾ ಜಾಹೀರಾತು ಹಾಕ್ತೀರೇನು?"

ಆ ಯುವತಿ ನನ್ನ ಅಕ್ಕ ಎಂದು ನಾನು ಹೇಳಿರಲಿಲ್ಲ. ಅವರು ಕೇಳಲೂ ಇಲ್ಲ.

ಅವರ ಪಾಠಗಳೆಲ್ಲ ಕೈಕೆಲಸದ ಪಾಠಗಳು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರುತ್ತದಲ್ಲ, ಶೆಟ್ಟರು ಅದರ ಹರಿದ ಹಾಳೆಗಳನ್ನು ನಮಗಾಗಿ ಕೂಡಿಡುತ್ತಿದ್ದರು. ಒಂದು ಹಾಳೆಯ ಬೆನ್ನಿಗೆ ಒಂದು ಸನ್ನಿವೇಶ: ಯಾರಿಗೆ ಏನು ಬೇಕು, ಅಡ್ಡ ನಿಂತವರು ಯಾರು, ಇಷ್ಟೇ. ಆಮೇಲೆ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಯಾವುದನ್ನು ಎತ್ತಿದರೆ ಕತೆ ಕುಂಟುವುದಿಲ್ಲವೋ ಅದನ್ನು ಎತ್ತಿಡುವುದು. ಫ್ಯಾನು ಹಾಕುವಂತಿರಲಿಲ್ಲ. ಬೇಸಿಗೆಯಲ್ಲಿ ಬೆವರುತ್ತ, ಸಕ್ಕರೆ ಡಬ್ಬಿಯನ್ನೂ ನೀರಿನ ಲೋಟಗಳನ್ನೂ ಹಾಳೆಗಳ ಮೇಲೆ ಹೇರಿಕೊಂಡು, ನಮ್ಮ ನಾಯಕಿಯರನ್ನು ಅತ್ತಿಂದಿತ್ತ ಸರಿಸುತ್ತಿದ್ದೆವು. ಕೊನೆಯ ಪುಟವನ್ನು ಮೊದಲೇ ಬರೆಸಿ ಬದಿಗಿಡಿಸುತ್ತಿದ್ದರು. "ಯಾವ ಊರಿಗೆ ಹೋಗೂದು ಅಂತ ಗೊತ್ತಿಲ್ಲದಾಂವಗ ಯಾವ ಬಸ್ಸೂ ಹೊತ್ತಿಗಿ ಸರಿ ಬರೂದಿಲ್ರಿ."

ದೊಡ್ಡ ಪರೀಕ್ಷೆ ಮಾತ್ರ ದೋಸೆಯದು. ಬರೆಯಬೇಕೆಂದಿರುವ ಅಧ್ಯಾಯವನ್ನು ಮೊದಲು ಕಾಗದವಿಲ್ಲದೆ ಬಾಯಲ್ಲಿ ಹೇಳಬೇಕು. ಕೇಳುವವರ ಮುಂದೆ ಬಿಸಿ ದೋಸೆ ಇಟ್ಟಿರಬೇಕು. ಕೇಳುವವರ ಕೈ ದೋಸೆಗೆ ಹೋಯಿತೆಂದರೆ ಅಧ್ಯಾಯ ಇನ್ನೂ ಹಣ್ಣಾಗಿಲ್ಲ ಎಂದರ್ಥ. ನಮ್ಮ ಗುಂಪಿನ ಕುಲಕರ್ಣಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. ಅವರ ಕತೆಯ ಹೆಣ ಇನ್ನೂ ಬೆಚ್ಚಗಿರುವಾಗಲೇ ನಾನು ದೋಸೆ ಮುರಿದಿದ್ದೆ. ಬಾಗಿಲಿಗೆ ಒರಗಿ ಕೇಳುತ್ತಿದ್ದ ಶೆಟ್ಟರದು ಯಾವ ಕತೆಗೂ ಒಂದೇ ಪ್ರಶ್ನೆ:

"ಅವನ ಊಟ ಆಗಿತ್ತಾ?"

"ಸತ್ತಾಂವಗ ಯಾತರ ಊಟಾರಿ?" ಕುಲಕರ್ಣಿ ರೇಗಿದರು.

"ಸಾಯುವ ಮೊದಲು ಮಾರಾಯ್ರೆ! ಖಾಲಿ ಹೊಟ್ಟೆಯಲ್ಲಿ ಕಳಿಸಿದಿರಾ ಅಂತ."

ನಾವೆಲ್ಲ ನಕ್ಕೆವು. ನನ್ನ ಸರದಿ ಬಂದಾಗ ನಗು ಬರಲಿಲ್ಲ.

ನಾನು ಹೇಳಿದ್ದು ಬೀಳ್ಕೊಡುಗೆಯ ಅಧ್ಯಾಯ. ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಮರುದಿನ ಅಪ್ಪನಿಗೆ ರೊಟ್ಟಿ ಮಾಡಿಹಾಕುವವರಿಲ್ಲವೆಂದು ಆ ಸಂಜೆಯೇ ಹೊರಟಳು. ಕಟ್ಟಿ ತಂದಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಪೂರ್ತಿ ನನ್ನ ಕೈಗಿತ್ತಳು. ಚಿಕ್ಕಪ್ಪನ ಮನೆಗೆ ಹತ್ತಿರದ ಆಕುರ್ಡಿ ಸ್ಟೇಷನ್ನಿನ ಕಡೆ ನಡೆದಳು, ತಿರುವಿನಲ್ಲೊಮ್ಮೆ ನಿಂತಳು. ಅಲ್ಲಿಗೆ ಬಂದಾಗ ನನ್ನ ಬಾಯಿಂದ ಬಂದ ವಾಕ್ಯ ಇದು: "ಆಗ ಅವಳು ಏನು ಯೋಚಿಸಿದಳೆಂಬುದು ತಿಳಿದುಬಂದಿಲ್ಲ."

ಸುಮಿತ್ರಾಬಾಯಿಯ ಕೈ ದೋಸೆಗೆ ಹೋಯಿತು.

ಏನು ಮಾಡಲಿ ಹೇಳಿ? ಖಚಿತವಾಗದ್ದನ್ನು ಬರೆಯಬಾರದೆಂಬುದು ನನ್ನ ಅನ್ನದ ನಿಯಮ. ಅಷ್ಟರಲ್ಲಿ ಶೆಟ್ಟರು ಬಾಗಿಲಿಂದ, ಈ ಸಲ ತಮಾಷೆಯ ದನಿಯಲ್ಲಲ್ಲ, ಕೇಳಿದರು: "ಗಂಟು ಪೂರಾ ತಮ್ಮನಿಗೆ ಕೊಟ್ಟಳಲ್ಲ. ಮತ್ತೆ ದಾರಿಯಲ್ಲಿ ಅವಳೇನು ತಿಂದಳು?"

ಆ ಪ್ರಶ್ನೆ ಅಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ವರದಿಗಾರನಿಗೆ ದಾರಿ ಒಂದೇ: ಮೂಲವನ್ನೇ ಕೇಳುವುದು. ಮರುದಿನ ಊರಿಗೆ ಫೋನು ಹಚ್ಚಿದೆ. ಅಕ್ಕ ನಕ್ಕುಬಿಟ್ಟಳು.

"ಯಾವಾಗಿನ ಮಾತು ಕೇಳ್ತೀಯೋ ಹುಚ್ಚ! ಏನ ತಿಂದಿದ್ನೋ ಏನೋ, ಯಾರಿಗೆ ನೆನಪದ? ಅದಿರಲಿ, ನೀ ಉಂಡೀ ಇಲ್ಲೋ?"

"ಉಂಡೀನಿ," ಎಂದೆ. ಉಂಡಿರಲಿಲ್ಲ. ಅವಳಿಗೆ ಯಾವಾಗಲೂ ಹೇಳುವ ಉತ್ತರ ಅದು.

ಮುಂದಿನ ಭಾನುವಾರ ಸುಮಿತ್ರಾಬಾಯಿಗೆ ವರದಿ ಒಪ್ಪಿಸಿದೆ: ಮೂಲಕ್ಕೇ ನೆನಪಿಲ್ಲ. "ಆಕಿ ನಿಮ್ಮ ಅಕ್ಕ ಏನ್ರಿ?" ಎಂದು ಕೇಳಿದರು. ತಲೆಯಾಡಿಸಿದೆ. "ಭಾಳ ಛಲೋ ಆತು. ಆಕಿಗೂ ಗೊತ್ತಿಲ್ಲ ಅಂದ್ರ ಆ ಸಂಜಿ ಯಾರದೂ ಅಲ್ಲ. ಅದನ್ನ ನೀವ ಕಟ್ಟಿ ಆಕಿಗೆ ಕೊಡ್ರಿ."

ಕೊಡಲಾಗಲಿಲ್ಲ. ಬರೆಯಲು ಕೂತಾಗಲೆಲ್ಲ ಅಕ್ಕ ರೈಲಿನ ಕಿಟಕಿಯಲ್ಲಿ ನನ್ನನ್ನು ನೆನೆದು ಅಳುತ್ತಿದ್ದಳು. ಹಸಿದುಕೊಂಡು, ನನಗಾಗಿ. ಓದಿದರೆ ನನಗೇ ದೋಸೆಯ ನೆನಪಾಗುತ್ತಿತ್ತು. ಕಾದಂಬರಿಯ ಉಳಿದೆಲ್ಲ ಅಧ್ಯಾಯಗಳು ಕ್ಯಾಲೆಂಡರ್ ಹಾಳೆಗಳ ಆಸರೆಯಲ್ಲಿ ಒಂದೊಂದಾಗಿ ಮುಗಿದವು. ಅದೊಂದು ಉಳಿಯಿತು. ಸುಮಿತ್ರಾಬಾಯಿ ಹುಬ್ಬಳ್ಳಿಗೆ ಮಗಳ ಮನೆಗೆ ಹೋದರು; ಕೆಲವು ವರ್ಷಗಳ ನಂತರ ಅಲ್ಲಿಂದ ಅವರು ತೀರಿಕೊಂಡ ಸುದ್ದಿ ಬಂತು. ಆಮೇಲೆ ಅಕ್ಕನ ಸುದ್ದಿಯೂ ಬಂತು. ಎರಡೂ ಖಚಿತ ಸುದ್ದಿಗಳೇ. ಭಾನುವಾರ ಮಧ್ಯಾಹ್ನಗಳಲ್ಲಿ ಏನು ಮಾಡಬೇಕೆಂದು ನನಗೆ ಇವತ್ತಿಗೂ ಸರಿಯಾಗಿ ತಿಳಿಯುವುದಿಲ್ಲ.

ಮಗರಪಟ್ಟಾದ ಹೋಟೆಲಿನಲ್ಲಿ ಶೆಟ್ಟರು ಎರಡು ದೋಸೆ ತರಿಸಿ ಎದುರು ಬಂದು ಕೂತಿದ್ದರು. ಅವರು ಕೂತು ಕತೆ ಕೇಳಿದ್ದನ್ನು ನಾನು ಕಂಡಿದ್ದೇ ಇಲ್ಲ. "ಅದೇ ಅಧ್ಯಾಯ ಅಲ್ವಾ ಉಳಿದದ್ದು?" ಎಂದರು. "ಹೇಳಿ. ಅವಳೇನು ತಿಂದಳು?"

ಕಣ್ಣಿಗೆ ಏನೂ ನೆಟ್ಟಗೆ ಕಾಣುತ್ತಿರಲಿಲ್ಲ. ಅದರಿಂದಲೇ ಧೈರ್ಯ ಬಂದಿತೇನೋ. ಹೇಳತೊಡಗಿದೆ.

ಅಕ್ಕ ಲೋಕಲ್ ರೈಲಿನಿಂದ ಪುಣೆ ಸ್ಟೇಷನ್ನಿನಲ್ಲಿ ಇಳಿದಳು. ಊರಿನ ದಾರಿಯ ಸೊಲ್ಲಾಪುರದ ರೈಲಿಗೆ ಇನ್ನೂ ಹೊತ್ತಿತ್ತು. ರಸ್ತೆ ದಾಟಿದಳು, ಒಂದು ಹೋಟೆಲಿನ ಮುಂದೆ ನಿಂತು, ಹಿಂಜರಿದು, ಒಳಗೆ ಹೋಗಿ ಗೋಡೆಯ ಬದಿಗೆ ಕೂತಳು. ಯಾರೋ ಬಂದು ಅವಳ ಮುಂದೆ ನೀರಿಟ್ಟರು. ಅಲ್ಲಿಯವರೆಗೆ ಅವಳ ಮುಂದೆ ಯಾರೂ ನೀರು ತಂದಿಟ್ಟಿರಲಿಲ್ಲ. ಪಕ್ಕದವರ ತಟ್ಟೆ ತೋರಿಸಿ ಅದೇ ಬೇಕೆಂದಳು. ದೋಸೆ ಬಂತು. ಹೇಗೆ ಮುರಿಯಬೇಕೆಂದು ಗೊತ್ತಾಗದೆ ಅಂಚಿನಿಂದ ಶುರುಮಾಡಿದಳು. ಬಿಸಿಯಿತ್ತು. ನಮ್ಮ ಮನೆಯಲ್ಲಿ ಅವಳು ಯಾವತ್ತೂ ಕೊನೆಗೆ ಉಣ್ಣುವವಳು. ಬಿಸಿಯದು ಅವಳ ಪಾಲಿಗೆ ಬರುತ್ತಿರಲಿಲ್ಲ. ನಿಧಾನವಾಗಿ ತಿಂದಳು, ಯಾರಿಗೂ ಬಡಿಸಲು ಏಳದೆ. ಹೊರಗೆ ಟಾಂಗಾಗಳು, ರಿಕ್ಷಾಗಳು. ನೋಡುತ್ತ ಕೂತಳು. ಇನ್ನೊಂದು ಚಹಾ ಹೇಳಿದಳು.

ಮುಂದಿನದು ಇಷ್ಟು ವರ್ಷ ನನ್ನ ಕೈಗೆ ಬಾರದ ವಾಕ್ಯ. ಮೇಜಿನ ಅಂಚು ಹಿಡಿದುಕೊಂಡು ಹೇಳಿದೆ: "ಅಷ್ಟು ಹೊತ್ತು ಅವಳಿಗೆ ತಮ್ಮನ ನೆನಪಾಗಲಿಲ್ಲ."

ಶೆಟ್ಟರ ಕೈ ದೋಸೆಗೆ ಹೋಗಲಿಲ್ಲ. "ಇದು ನಡೆದದ್ದಾ?" ಎಂದರು.

"ಗೊತ್ತಿಲ್ಲ ಶೆಟ್ಟರೇ."

"ಮತ್ತೆ?"

ಮತ್ತೇನಾಯಿತೆಂದು ಹೇಳಿದೆ. ಅವಳು ರೈಲು ಹತ್ತಿದಳು. ಶೆಟ್ಟರು ಒಳಗೆ ಕೂಗಿದರು: "ಎರಡು ದೋಸೆ ಬಿಸಿ ಕೊಡಿ, ಇದು ಆರಿಹೋಯ್ತು."

ಮರುದಿನ ಕಣ್ಣು ಸರಿಯಾಗಿತ್ತು. ಬೆಳಿಗ್ಗೆ ಕೂತು ಆ ಅಧ್ಯಾಯ ಬರೆದೆ. ಬಾಯಲ್ಲಿ ಹೇಳಿದ್ದಕ್ಕಿಂತ ಚಿಕ್ಕದಾಯಿತು. ಎಂದೋ ಬರೆದು ಬದಿಗಿಟ್ಟಿದ್ದ ಕೊನೆಯ ಪುಟವನ್ನು ಅದರ ಹಿಂದೆ ಸೇರಿಸಿದೆ. ಕಾದಂಬರಿ ಮುಗಿಯಿತು. ಇದನ್ನು ಯಾರಿಗೆ ತಿಳಿಸಬೇಕೋ ಅವರಿಬ್ಬರಿಗೂ ಫೋನು ಹಚ್ಚುವಂತಿಲ್ಲ. ತಲೆ ಎತ್ತಿದಾಗ ಊಟದ ಹೊತ್ತು ಮೀರಿ, ಪಕ್ಕದ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನೀ ಉಂಡೀ ಇಲ್ಲೋ?

"ಇನ್ನಾ ಇಲ್ಲಕ್ಕಾ," ಎಂದೆ. ಆ ಪ್ರಶ್ನೆಗೆ ನಿಜ ಹೇಳಿದ್ದು ಅದೇ ಮೊದಲು. ಎದ್ದು ಒಲೆಯ ಮೇಲೆ ಹೆಂಚಿಟ್ಟೆ.