ಹೆಸರಿನ ಮುಂದಿನ ಎರಡು ಪದವಿ

ಎಂಬತ್ತರ ದಶಕದಲ್ಲಿ ನಾನು ಒಟ್ಟಿಗೇ ಎರಡು ಓದು ಹಿಡಿದಿದ್ದೆ. ಬೆಂಗಳೂರಿನ ಕಾಲೇಜೊಂದರಲ್ಲಿ ಬೆಳಗಿನ ಹೊತ್ತು ಕಾನೂನು, ಅಂಚೆ ಮತ್ತು ತೆರಪಿನ ಶಿಕ್ಷಣದಲ್ಲಿ ಸಾರ್ವಜನಿಕ ಆಡಳಿತದ ಎಂ.ಎ. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ ಹುಡುಗಿಯೊಬ್ಬಳು ಒಂದು ಡಿಗ್ರಿ ಮುಗಿಸುವುದೇ ದೊಡ್ಡ ಮಾತು. ಎರಡೆರಡು ಯಾಕೆ ಎಂದು ಯಾರಾದರೂ ಕೇಳಿದರೆ ಅಪ್ಪನೇ ಉತ್ತರ ಕೊಡುತ್ತಿದ್ದ. ಡೇರಿಯಲ್ಲಿ ಹಾಲಿನ ಕ್ಯಾನು ಕೆಳಗಿಡುವ ಮೊದಲೇ ಶುರು.

"ಒಂದು ಕೋರ್ಟ್‌ಗೆ, ಒಂದು ಕಚೇರಿಗೆ. ನಮ್ ಉಡುಗಿ ಎಲ್ಡ್ ಕಡೆನೂ ಕೂತ್ಕಂಡು ಮಾತಾಡ್ತಾಳೆ ಕಣ್ಲಾ."

ಹೋಗುವ ರೈಲಿನಲ್ಲಿ ಕಾನೂನು, ಬರುವ ರೈಲಿನಲ್ಲಿ ಆಡಳಿತ ಎಂದು ಓದನ್ನು ಹಂಚಿಕೊಂಡಿದ್ದೆ. ತಲೆಯೊಳಗೆ ಮಾತ್ರ ಅವು ಬೇರೆಬೇರೆ ಉಳಿಯಲಿಲ್ಲ. ಕೊನೆಯ ವರ್ಷ ಎರಡೂ ಪರೀಕ್ಷೆ ಒಂದೇ ಬೇಸಿಗೆಯಲ್ಲಿ ಬಂದವು. ಬಾಡಿಗೆದಾರರನ್ನು ಮನೆ ಬಿಡಿಸುವ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆಗೆ, ಬಡವರಿಗೆ ಸರ್ಕಾರ ಮನೆ ಹೇಗೆ ಕಟ್ಟಿಕೊಡಬೇಕು ಎಂದು ಪುಟಗಟ್ಟಲೆ ಬರೆದೆ. ಚೆನ್ನಾಗಿ ಬರೆದೆ ಎಂಬ ಖುಷಿಯಲ್ಲೇ ಹೊರಗೆ ಬಂದೆ.

ಫಲಿತಾಂಶಕ್ಕೆ ಮುಂಚೆಯೇ ಅಪ್ಪ ಬಂಗಾರಪೇಟೆಯಲ್ಲಿ ಬೋರ್ಡು ಬರೆಸಿಕೊಂಡು ಬಂದ. ನೀಲಿ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ನನ್ನ ಹೆಸರು, ಮುಂದೆ ಎಂ.ಎ., ಎಲ್.ಎಲ್.ಬಿ.

"ಇನ್ನೂ ರಿಸಲ್ಟ್ ಬಂದಿಲ್ಲಪ್ಪಾ" ಎಂದೆ.

"ಬರ್ದಿದ್ದೀಯಲ್ಲ, ಬತ್ತದೆ ಬುಡು" ಎಂದು ಬಾಗಿಲ ಮೇಲೆ ಮೊಳೆ ಹೊಡೆದ.

ಎಂ.ಎ. ಆಯಿತು. ಕಾನೂನಿನಲ್ಲಿ ಆ ಒಂದು ಪತ್ರಿಕೆ ಹೋಯಿತು. ಅಪ್ಪ ಬೈಯಲಿಲ್ಲ. ಕಿಟಕಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣ ತಂದು, ಸ್ಟೂಲು ಹತ್ತಿ, ಎಲ್.ಎಲ್.ಬಿ. ಮೇಲೆ ಬಳಿದ. ನೀಲಿಯ ಮೇಲೆ ಆ ಹಸಿರು ಪಟ್ಟಿ ಅಕ್ಷರಗಳಿಗಿಂತ ಎದ್ದು ಕಾಣುತ್ತಿತ್ತು. ಅದುವರೆಗೆ ಬೋರ್ಡಿನ ಕಡೆ ನೋಡದವರೂ ನಿಂತು, "ಅಲ್ಲೇನಿತ್ತಣ್ಣಾ?" ಎಂದು ಕೇಳುವಂತಾಯಿತು. ನಾನು ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದೆ. ಬೋರ್ಡು ತೆಗೆಯಪ್ಪಾ ಎನ್ನಲು ಬಾಯಿ ಬರಲಿಲ್ಲ. ಉಳಿದ ಎಂ.ಎ. ಅವನಿಗೆ ಬೇಕಾಗಿತ್ತು.

ಒಂದು ದಿನ ಮಧ್ಯಾಹ್ನ, ಅಪ್ಪ ಡೇರಿಯಲ್ಲಿ ಹಿಂದೆ ಆಡಿದ್ದ ಮಾತು ಯಾರಿಂದಲೋ ಕೇಳಿ, ಹೆಂಗಸೊಬ್ಬರು ಹುಡುಕಿಕೊಂಡು ಬಂದರು. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡ ಮೇಲೆ, ಅಲ್ಲಿನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆ ಬಿಟ್ಟು ಬಂಗಾರಪೇಟೆಯಲ್ಲಿ ಬಾಡಿಗೆಗಿದ್ದವರು. ಅವರ ಮನೆಮಾತು ತಮಿಳು.

"ವಕೀಲಮ್ಮ ಇದಾರಾ? ಓನರು ದಿಢೀರಂತ ಮನೆ ಕಾಲಿ ಮಾಡು ಅಂತಾನೆ. ಅಂಗೆ ಮಾಡಬಹುದಾಮ್ಮಾ?"

ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಅಪ್ಪನ ಕೈ ನಿಂತಿತು. ಅವರು ಕೇಳಿದ್ದು ನಾನು ಪರೀಕ್ಷೆಯಲ್ಲಿ ತಪ್ಪು ಬರೆದ ಪ್ರಶ್ನೆಯನ್ನೇ. ಆಮೇಲೆ ಉತ್ತರ ಓದಿಕೊಂಡಿದ್ದೆ, ಆದರೆ ಹೇಳಲು ಧೈರ್ಯ ಬರಲಿಲ್ಲ.

"ನಾನು ವಕೀಲೆ ಅಲ್ಲಮ್ಮಾ. ಫೇಲಾಗಿದೀನಿ" ಎಂದೆ.

ಅವರು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ನನ್ನ ಕೈಹಿಡಿದು, "ಪರವಾಗಿಲ್ಲಮ್ಮಾ, ಚಿಕ್ಕ ವಯಸ್ಸು" ಎಂದರು. ಮನೆ ಹೋಗುತ್ತದೆಂದು ಬಂದವರ ಕೈಯಲ್ಲಿ ನಾನು ಸಮಾಧಾನ ಹೇಳಿಸಿಕೊಂಡೆ. ಪೇಟೆಯ ಹಿರಿಯ ವಕೀಲರೊಬ್ಬರ ಹತ್ತಿರ ಅವರನ್ನು ಕರೆದುಕೊಂಡು ಹೋದೆ. ಹಾಗೆ ಬಿಡಿಸಲು ಬರುವುದಿಲ್ಲ ಎಂದು ವಕೀಲರು ಒಂದೇ ಮಾತಿನಲ್ಲಿ ಹೇಳಿ ಮಾಲೀಕನಿಗೆ ನೋಟಿಸು ಕಳಿಸಿದರು. ಆ ಹೆಂಗಸಿನ ಮನೆ ಉಳಿಯಿತು.

ಮುಂದಿನ ಸಲ ನಾನು ಪಾಸಾದೆ. ಮಾರನೆಯ ದಿನ ಅಪ್ಪನ ಜೊತೆ ನಾನೂ ಡೇರಿಗೆ ಹೋದೆ. ಅವನು ಕ್ಯಾನು ಕೆಳಗಿಟ್ಟ, ಹಾಲು ಅಳೆಸಿದ, ತಾನಾಗಿ ನನ್ನ ಓದಿನ ಮಾತು ಎತ್ತಲಿಲ್ಲ. ಯಾರೋ, "ಮಗಳ್ದು ಏನಾಯ್ತಣ್ಣಾ?" ಎಂದರು.

"ಆಯ್ತಂತೆ" ಎಂದ ಅಪ್ಪ, ಅಷ್ಟೇ. ನನ್ನ ಕಡೆ ತಿರುಗಿ, ಹಾಗಂದದ್ದು ಸರಿಯೇ ಎಂದು ಕೇಳುವಂತೆ ನೋಡಿದ. ಡೇರಿಯಲ್ಲಿ ಅವನ ಆ ದೊಡ್ಡ ಮಾತು ನಿಲ್ಲಿಸಿದ್ದು ನಾನೇ ಅನ್ನಿಸಿ ನೆಲ ನೋಡಿದೆ.